ಕೈಗುಣ ಅಂದುಬಿಟ್ಟೆ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಕೆಲಸದಲ್ಲಿದ್ದಾಗ ಮೊದಲು ನಿವೃತ್ತಿಯಾಗಲಿ ಅಂದುಕೊಂಡೆ. ನಿವೃತ್ತಿಯಾದ ಮೇಲೆ ಮಕ್ಕಳ ಮದುವೆ ಮುಗಿಯಲಿ ಅಂದುಕೊಂಡೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು. ಒಂದೆರಡು ಸಲ ಬಾಯಿ ತೆರೆದೆ. ಅವಳು “ಏನು?” ಅಂದಳು. ನಾನು “ಮಜ್ಜಿಗೆ ಇದೆಯಾ?” ಅಂದೆ. ಹಾಗೆಯೇ ಕಾಲ ಕಳೆದುಹೋಯಿತು.

ಕಡೆಗೆ ನನ್ನನ್ನು ಬರೆಯಲು ಕೂರಿಸಿದ್ದು ಒಂದು ಶಾಲು. ಈಗ ನರ್ಸುಗಳು ಕೆಲಸಕ್ಕೆ ಸೇರಿದ ಮೇಲೂ ಆಗಾಗ ತರಗತಿಗೆ ಹೋಗಿ ಹೊಸದನ್ನು ಕಲಿತು ಬರಬೇಕಂತೆ. ಅಂಥದೊಂದು ತರಗತಿಗೆ ನನ್ನನ್ನೂ ಕರೆದರು. ಹಳೆಯ ಕಾಲದ ಗಂಡು ನರ್ಸು, ನಾಲ್ಕು ತಾಲೂಕಿನಲ್ಲಿ ಕೆಲಸ ಮಾಡಿದವರು, ಎರಡು ಮಾತು ಹೇಳಲಿ ಎಂದು. ನಾನು ಹೋಗಿ ಹೇಳಿದೆ: “ಕಲಿಯುವುದಕ್ಕೆ ವಯಸ್ಸಿಲ್ಲ ಮಕ್ಕಳೇ. ಕಲಿತದ್ದನ್ನು ಪಕ್ಕದವರಿಗೆ ಹೇಳಿಕೊಡಿ. ಬಚ್ಚಿಟ್ಟುಕೊಂಡ ಪಾಠ ರೋಗಿಗೆ ಬರುವುದಿಲ್ಲ.” ಚಪ್ಪಾಳೆ ಹೊಡೆದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಆ ಮಾತನ್ನು ಬರೆದುಕೊಂಡಳು. ಶಾಲು ಹೊದಿಸಿದರು. ಮನೆಗೆ ಬಂದು ಆ ಶಾಲನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, ಊಟ ಸೇರದೆ ಕೂತಿದ್ದೆ. ಬಚ್ಚಿಟ್ಟ ಪಾಠ ಏನು ಮಾಡುತ್ತದೆ ಎಂಬುದು ಆ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದದ್ದು ಯಾಕೆ ಎಂದು ಮಾತ್ರ ಹೇಳಿರಲಿಲ್ಲ.

ನಾನು ಕೊಳಾಲದ ಕಡೆಯವನು. ಮಧುಗಿರಿಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಮುಂದೆ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ ನರ್ಸಿಂಗ್ ಕಲಿಸುತ್ತಾರೆ, ಗಂಡಸರನ್ನೂ ತೆಗೆದುಕೊಳ್ಳುತ್ತಾರೆ, ಊಟ ವಸತಿ ಅವರದೇ ಎಂದು ಯಾರೋ ಹೇಳಿದರು. ಹೋಗಿ ಸೇರಿದೆ. ರಜಕ್ಕೆ ಊರಿಗೆ ಬಂದಾಗ ಸೋದರಮಾವ ಜಗಲಿಯ ಮೇಲೆ ನಾಲ್ಕು ಜನರ ಮುಂದೆ ಕೇಳಿದ, “ಏನ್ಲಾ, ನರಸಮ್ಮನ ಕೆಲ್ಸಕ್ಕೆ ಸೇರ್ಕಂಡ್ಯಂತೆ? ಸೀರೆ ಯಾವಾಗ ಉಟ್ಕತೀಯ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಕೂತಿತು. ನಾನು ಮುಂದೆ ಮಾಡಿದ್ದಕ್ಕೆ ಇದು ನೆಪವಲ್ಲ. ಆದರೆ ಹೊಗಳಿಕೆಗೆ ನಾನು ಎಷ್ಟು ಹಸಿದಿದ್ದೆ ಎಂಬುದು ಇದನ್ನು ಹೇಳದೆ ತಿಳಿಯುವುದಿಲ್ಲ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ಕಡೆ ನಾನು ಕೆಲಸ ಮಾಡಿದ್ದೇನೆ. ಇದು ನಡೆದದ್ದು ಯಾವ ಊರಿನ ಆಸ್ಪತ್ರೆಯಲ್ಲಿ ಎಂದು ಹೇಳುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಂಚಿನ ಕಟ್ಟಡ, ಎರಡು ವಾರ್ಡು, ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ನಾನು, ಒಬ್ಬ ಜವಾನ, ಮತ್ತೆ ಒಬ್ಬರು ಹಿರಿಯ ನರ್ಸು.

ಅವರನ್ನು ರೋಗಿಗಳು, ಯಾವ ನರ್ಸನ್ನಾದರೂ ಕರೆಯುವ ಹಾಗೆ, ನರಸಮ್ಮ ಅನ್ನುತ್ತಿದ್ದರು. ನಾವು ಆಸ್ಪತ್ರೆಯವರು ದೊಡ್ಡಮ್ಮ ಅನ್ನುತ್ತಿದ್ದೆವು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಯಾರೋ ಪುಣ್ಯಾತ್ಮರು ಹೆರಿಗೆ ಕೆಲಸ ಕಲಿಯಲು ಕಳಿಸಿ, ಅಲ್ಲಿಂದ ಆಸ್ಪತ್ರೆಗೆ ಬಂದವರು. ಶಾಲೆಯಲ್ಲಿ ಹೆಚ್ಚು ಓದಿರಲಿಲ್ಲ. ಇಂಗ್ಲಿಷಿನಲ್ಲಿ ಔಷಧಿಯ ಹೆಸರುಗಳನ್ನು ಗುರುತು ಹಿಡಿಯುತ್ತಿದ್ದರು, ಅಷ್ಟೆ. ನಾನು ಹೊಸದಾಗಿ ಸೇರಿದಾಗ ಅಳುವ ಮಗುವನ್ನು ತಾಯಿಯ ತೊಡೆಯ ಮೇಲೆ ಹೇಗೆ ಹಿಡಿಸಬೇಕು, ಹಳ್ಳಿಯ ಹೆಂಗಸು ಹೇಳಲು ನಾಚುವ ಕಾಯಿಲೆಯನ್ನು ಹೇಗೆ ಕೇಳಿ ತಿಳಿಯಬೇಕು ಎಂದು ತೋರಿಸಿದವರು ಅವರೇ. ಬೆಂಗಳೂರಿನಲ್ಲಿ ನನಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಯಾರೇ ಹೊರಗಿನಿಂದ ಬರಲಿ, ವ್ಯಾಕ್ಸಿನೇಟರು, ಕ್ಷಯದ ಬಿಸಿಜಿ ಲಸಿಕೆ ಹಾಕುವ ತಂಡದವರು, ರಜೆ ಮುಗಿಸಿ ಬಂದ ಕಾಂಪೌಂಡರು, ಯಾರಾದರೂ ಸರಿ, ಅವರನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟು ಕೇಳುತ್ತಿದ್ದರು, “ಹೊಸಾದು ಏನ್ ಕಲ್ತ್ಕಂಡ್ ಬಂದ್ಯಪ್ಪ? ನಂಗೂ ಹೇಳು.”

ನಮ್ಮ ಜವಾನ ಬೆನ್ನ ಹಿಂದೆ ಅಣಕಿಸುತ್ತಿದ್ದ: “ದೊಡ್ಡಮ್ಮಂಗೆ ಪಿಂಚಣಿ ವಯಸ್ಸು, ಇನ್ನೂ ಅ ಆ ಇ ಈ ಮುಗೀಲಿಲ್ಲ.” ಒಮ್ಮೆ ಅದು ಅವರ ಕಿವಿಗೆ ಬಿತ್ತು. ಕೋಪ ಮಾಡಿಕೊಳ್ಳಲಿಲ್ಲ. “ನೀನ್ ಬಾಣಂತಿ ಕ್ವಾಣೆ ಕಸ ಗುಡ್ಸೋದ ಇನ್ನೂ ಕಲ್ತಿಲ್ಲ, ನನ್ನ ಅ ಆ ಇ ಈ ಯಾಕೋ ನಿಂಗೆ?” ಅಂದರು. ವಾರ್ಡಿನ ಹೆಂಗಸರೆಲ್ಲ ನಕ್ಕರು.

ಆ ವರ್ಷ ತುಮಕೂರಿನಲ್ಲಿ ನರ್ಸುಗಳಿಗೆ ಒಂದು ರಿಫ್ರೆಷರ್ ತರಬೇತಿ ಇಟ್ಟರು. ನಮ್ಮಲ್ಲಿಂದ ಒಬ್ಬರು ಹೋಗಬೇಕು. ಹೋದವರು ಬಂದ ಮೇಲೆ ಉಳಿದವರಿಗೆ ಕಲಿಸಬೇಕು. ಡಾಕ್ಟರು ನನ್ನನ್ನು ಕರೆದು, “ದೊಡ್ಡಮ್ಮನ್ನ ಕಳಿಸೋಣ ಅಂತಿದೀನಿ ಕಣ್ರೀ. ಅವರು ಒಂದು ಸಲಾನೂ ಹೋಗಿಲ್ಲ. ಪಾಪ, ಆಸೆ ಇದೆ,” ಅಂದರು.

ನಾನು ತಡ ಮಾಡಲಿಲ್ಲ. “ಅಲ್ಲಿ ಪಾಠ ಎಲ್ಲಾ ಇಂಗ್ಲಿಷಲ್ಲಿ ಸಾರ್. ಅವರಿಗೆ ಕಷ್ಟ ಆಗುತ್ತೆ. ಇನ್ನೆಷ್ಟು ವರ್ಷ ಸರ್ವೀಸು ಅವರದು? ನಾನು ಹೋಗಿ ಬಂದು ಎಲ್ಲಾ ಹೇಳಿಕೊಡ್ತೀನಿ,” ಅಂದೆ.

ಡಾಕ್ಟರು ಒಳ್ಳೆಯವರು. ನನ್ನ ಮಾತು ನಂಬಿದರು. ಹೊರಡುವ ದಿನ ದೊಡ್ಡಮ್ಮ ಬಸ್‌ಸ್ಟಾಂಡಿನವರೆಗೂ ಬಂದರು. ದಾರಿಗೆ ಬೇಕಾಗುತ್ತದೆ ಎಂದು ಹುರಿಗಡಲೆ ಬೆಲ್ಲ ಕಟ್ಟಿಕೊಟ್ಟರು. “ಸರ್ಯಾಗಿ ಕೇಳಿಸ್ಕಂಡ್ ಬಾರಪ್ಪ. ನಾ ಹೋದಂಗೇ ಆಯ್ತು,” ಅಂದರು. ನನ್ನಿಂದಲೇ ಅವರಿಗೆ ಅವಕಾಶ ತಪ್ಪಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಅಲ್ಲಿ ನಮಗೆ ಪಾಠ ಮಾಡಿದ ಸಿಸ್ಟರು ಬಹಳ ಕಟ್ಟುನಿಟ್ಟು. ಅರ್ಧಕ್ಕರ್ಧ ಪಾಠ ಕನ್ನಡದಲ್ಲೇ ನಡೆಯಿತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆಗ ನಾವು ಬಳಸುತ್ತಿದ್ದದ್ದು ಗಾಜಿನ ಸಿರಿಂಜು, ಮತ್ತೆ ಮತ್ತೆ ಕುದಿಸಿ ಬಳಸುವ ಸೂಜಿ. ನೀರಿಗೆ ಸೂಜಿ ಹಾಕಿದಾಗಿನಿಂದ ಹೊತ್ತು ಎಣಿಸಬೇಡಿ, ನೀರು ಕೊತಕೊತ ಕುದಿಯಲು ಹಿಡಿದಾಗಿನಿಂದ ಎಣಿಸಿ ಅಂದರು. ಕುದಿಸಿ ತೆಗೆದ ಸೂಜಿಯನ್ನು ಬೆರಳಲ್ಲಿ ಮುಟ್ಟಬೇಡಿ, ಹತ್ತಿಯಲ್ಲಿ ಒರೆಸಬೇಡಿ ಅಂದರು. ಒಂದು ದಿಂಬನ್ನು ಮೇಜಿನ ಮೇಲಿಟ್ಟು ನೀಲಿ ಪೆನ್ಸಿಲ್ಲಿನಲ್ಲಿ ಅಡ್ಡ ಒಂದು, ಉದ್ದ ಒಂದು ಗೀಟೆಳೆದು, “ಇದು ಪಿರ್ರೆ ಅಂದ್ಕೊಳ್ಳಿ. ನಾಲ್ಕು ಭಾಗ ಆಯ್ತಲ್ಲ, ಮೇಲಿನ ಹೊರಮೂಲೆ ಒಂದರಲ್ಲೇ ಚುಚ್ಚಬೇಕು. ನಡುವೆ ಕಾಲಿಗಿಳಿಯೋ ದಪ್ಪ ನರ ಇದೆ. ಅದಕ್ಕೆ ಸೂಜಿ ತಗುಲಿದರೆ ಪಾದ ಜೋಲು ಬೀಳುತ್ತೆ,” ಅಂದರು. ಆಮೇಲೆ ನಮ್ಮೆಲ್ಲರ ಮುಖ ನೋಡಿ, “ಸಣಕಲು ಮಕ್ಕಳಿಗೆ ಅಲ್ಲೂ ಬೇಡ. ತೊಡೆಯ ಹೊರಮಗ್ಗುಲಿಗೆ ಹಾಕಿ. ನಿಮ್ಮೂರಿಗೆ ಹೋಗಿ ಬೇರೆ ಏನನ್ನ ಮರೆತರೂ ಇದನ್ನ ಮರೀಬೇಡಿ,” ಅಂದರು.

ನಾನು ಮರೆಯಲಿಲ್ಲ. ಅದೇ ಬಂದ ತೊಂದರೆ.

ಆ ಕಾಲದಲ್ಲಿ ಪೆನಿಸಿಲಿನ್ ಅಂದರೆ ಅಮೃತ. ಗುಳಿಗೆ ಕೊಟ್ಟರೆ ಜನಕ್ಕೆ ಸಮಾಧಾನವಿಲ್ಲ. ಸೂಜಿ ಚುಚ್ಚಿದರೇ ಆಸ್ಪತ್ರೆಗೆ ಹೋದ ಹಾಗೆ. ಬೆಳಗಿನ ಬಸ್ಸು ಇಳಿದವರೆಲ್ಲ ನೇರ ಬಂದು ಸೂಜಿಯ ಬೆಂಚಿನ ಮುಂದೆ ಸಾಲು ಕಟ್ಟುತ್ತಿದ್ದರು. ಸೂಜಿ ಹಾಕಿಸಿಕೊಂಡ ಜಾಗ ಗಂಟು ಕಟ್ಟುವುದು, ಕೀವಾಗುವುದು ಮಾಮೂಲಾಗಿತ್ತು. ಅದು ಆಗುವುದೇ ಹಾಗೆ ಎಂದು ನಾವೂ ಅಂದುಕೊಂಡಿದ್ದೆವು, ಜನರೂ ಅಂದುಕೊಂಡಿದ್ದರು. ನಾನು ತುಮಕೂರಿನಿಂದ ಬಂದ ಮೇಲೆ ನನ್ನ ರೋಗಿಗಳಿಗೆ ಗಂಟು ಕಟ್ಟುವುದು ನಿಂತಿತು. ನನ್ನ ಸೂಜಿಯನ್ನು ನಾನೇ ಬೇರೆ ತಟ್ಟೆಯಲ್ಲಿ ಕುದಿಸಿಕೊಳ್ಳುತ್ತಿದ್ದೆ. ಯಾರಾದರೂ ಕೇಳಿದರೆ “ನನ್ನ ಅಭ್ಯಾಸ” ಅನ್ನುತ್ತಿದ್ದೆ.

ಜನ ಬೇಗ ಗುರುತಿಸಿದರು. ಮಿಡಿಗೇಶಿ ಕಡೆಯ ಅಜ್ಜಿಯೊಬ್ಬಳು ಮೊದಲು ಅಂದಳು, “ಈ ಅಪ್ಪಯ್ಯನ ಕೈಗುಣ ಸೆಂದಾಗೈತೆ ಕಣಮ್ಮ. ಸೂಜಿ ಹಾಕಿದ್ದೇ ಗೊತ್ತಾಗಕಿಲ್ಲ.” ಅಲ್ಲಿಂದ ಹಿಡಿಯಿತು. ಔಷಧಿ ಯಾವುದಾದರೂ ಇರಲಿ, ಕೊಡುವವನ ಕೈಯಲ್ಲಿ ಗುಣವಿದ್ದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನಮ್ಮ ಕಡೆಯವರು ಈಗಲೂ ನಂಬುತ್ತಾರೆ. “ಆ ಅಣ್ಣನ ಕೈಲೇ ಹಾಕ್ಸಿ” ಎಂದು ಸಾಲಿನಲ್ಲಿ ಹಟ ಹಿಡಿಯತೊಡಗಿದರು. ದೊಡ್ಡಮ್ಮನ ಮುಂದಿನ ಸಾಲು ಕರಗಿ ನನ್ನ ಮುಂದೆ ಬೆಳೆಯಿತು. ಕಡಲೆಕಾಯಿ, ಹುಣಸೆಹಣ್ಣು, ಮನೆಯ ತುಪ್ಪ ಬಂತು. ನನ್ನನ್ನು ಸೀರೆ ಉಡುವುದು ಯಾವಾಗ ಎಂದು ಕೇಳಿದ್ದ ಸೋದರಮಾವನೇ ಜ್ವರ ಬಂದು ಆಸ್ಪತ್ರೆಗೆ ಬಂದು, ಸಾಲಿನಲ್ಲಿದ್ದವರಿಗೆ “ನಮ್ ಹುಡ್ಗ” ಎಂದು ಹೇಳಿಕೊಂಡ. ಆ ದಿನ ನನಗೆ ಆದ ಸಂತೋಷ ಮದುವೆಯ ದಿನವೂ ಆಗಲಿಲ್ಲ.

ಹಾಗಿರುವಾಗ ಡಾಕ್ಟರು ನೆನಪಿಸಿದರು. “ಏನ್ರೀ, ಟ್ರೈನಿಂಗ್ ಪಾಠ ಇನ್ನೂ ಮಾಡಲೇ ಇಲ್ಲ? ಈ ಭಾನುವಾರ ಎಲ್ಲರನ್ನೂ ಕೂರಿಸಿ.”

ಭಾನುವಾರ ಹೊರರೋಗಿಗಳ ಗಲಾಟೆ ಮುಗಿದ ಮೇಲೆ ಹಿಂದಿನ ಪಡಸಾಲೆಯಲ್ಲಿ ಕೂತೆವು. ದೊಡ್ಡಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಶಾಲೆಗೆ ಬಂದ ಹುಡುಗಿಯ ಹಾಗೆ ಮುಂದೆ ಕೂತರು. ನಾನು ಪಾಠ ಮಾಡಿದೆ. ರೋಗಿ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಾಯಿಸುವುದು ಹೇಗೆಂದು ತೋರಿಸಿದೆ. ಜ್ವರದ ಚಾರ್ಟು ಬರೆಯುವುದನ್ನು ತೋರಿಸಿದೆ. ಬೆನ್ನು ಹುಣ್ಣಾಗದಂತೆ ರೋಗಿಯನ್ನು ಹೊರಳಿಸುವುದನ್ನು ಜವಾನನನ್ನೇ ಮಲಗಿಸಿ ತೋರಿಸಿದೆ. ಅವನು ಕಚಗುಳಿ ಎಂದು ಕಿಲಕಿಲ ನಕ್ಕು ಎಲ್ಲರನ್ನೂ ನಗಿಸಿದ. ಡಾಕ್ಟರೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿ, ತಲೆ ಆಡಿಸಿ ಹೋದರು.

ಸೂಜಿಯ ವಿಷಯ ನಾನು ಎತ್ತಲಿಲ್ಲ.

ಮರೆತು ಬಿಟ್ಟದ್ದಲ್ಲ. ಹಿಂದಿನ ದಿನವೇ ಯೋಚಿಸಿ ತೀರ್ಮಾನಿಸಿದ್ದೆ. ಹೇಳಿಕೊಟ್ಟರೆ ಇನ್ನು ಹದಿನೈದು ದಿನಕ್ಕೆ ದೊಡ್ಡಮ್ಮನ ಸೂಜಿಯೂ ಗಂಟು ಕಟ್ಟುವುದಿಲ್ಲ. ಆಗ ನನ್ನ ಕೈಗುಣ ಎಲ್ಲಿ ಉಳಿಯಿತು? ಅಷ್ಟು ಕ್ಷುಲ್ಲಕ ಲೆಕ್ಕ.

ಮಾರನೆಯ ದಿನ ಸ್ಟವ್ ಹಚ್ಚಿ ಸೂಜಿ ಕುದಿಸುತ್ತಿದ್ದಾಗ ದೊಡ್ಡಮ್ಮ ಪಕ್ಕಕ್ಕೆ ಬಂದು ನಿಂತರು. ಕಾಂಪೌಂಡರೂ ಜವಾನನೂ ಅಲ್ಲೇ ಇದ್ದರು.

“ನಿನ್ನೆ ಸೆಂದಾಗ್ ಹೇಳ್ದೆ ಕಣಪ್ಪ. ಎಲ್ಲಾ ತಲೇಗ್ ಹತ್ತಿತು. ಸೂಜಿ ಇಸ್ಯ ಏನೂ ಹೇಳ್ಳಿಲ್ವಾ ಅಲ್ಲಿ?”

“ಅದರಲ್ಲಿ ಹೇಳೋಕೇನಿದೆ ದೊಡ್ಡಮ್ಮ? ನೀವು ಎಷ್ಟೋ ವರ್ಷದಿಂದ ಹಾಕ್ತಾನೇ ಇದ್ದೀರಲ್ಲ.”

“ನಾ ಹಾಕಿದ್ದು ಗಂಟು ಕಟ್ತದೆ, ನೀ ಹಾಕಿದ್ದು ಕಟ್ಟಲ್ಲ. ಏನೋ ಐತೆ ಅದ್ರಾಗೆ. ನೀ ಹಾಕೋವಾಗ ನಾ ಪಕ್ಕದಾಗೆ ನಿಂತ್ಕತೀನಿ. ತೋರ್ಸು.”

ಇಷ್ಟು ದೊಡ್ಡವರು, ಮಗನ ವಯಸ್ಸಿನವನ ಹತ್ತಿರ, ಯಾವ ಬಿಗುಮಾನವೂ ಇಲ್ಲದೆ ಕೇಳಿದರು. ನಾನು ಕುದಿಯುವ ತಟ್ಟೆಯಿಂದ ಕಣ್ಣೆತ್ತದೆ, “ಅದು ತೋರಿಸಿದರೆ ಬರೋದಲ್ಲ ದೊಡ್ಡಮ್ಮ. ಕೈಗುಣ,” ಅಂದೆ.

ಜವಾನ ಕಿಸಕ್ಕನೆ ನಕ್ಕ. “ಹೌದ್ ಬುಡಿ ದೊಡ್ಡಮ್ಮ, ಕೈಗುಣನ ಸಾಲ ಕೇಳಕಾಯ್ತದಾ?” ಅಂದ. ಕಾಂಪೌಂಡರೂ ನಕ್ಕರು.

ದೊಡ್ಡಮ್ಮ ನಗಲಿಲ್ಲ. ತಮ್ಮ ಎರಡು ಅಂಗೈಗಳನ್ನೂ ಒಮ್ಮೆ ನೋಡಿಕೊಂಡರು. ಆಮೇಲೆ ಸೆರಗಿಗೆ ಒರೆಸಿಕೊಂಡು ಹೆರಿಗೆ ಕೋಣೆಗೆ ಹೋದರು. ಆ ಊರಿನ ಎಷ್ಟೋ ಮಕ್ಕಳು ಮೊದಲು ಬಂದು ಬಿದ್ದದ್ದು ಆ ಅಂಗೈಗಳಿಗೆ. ಇವರ ಕೈಗುಣ ಒಳ್ಳೆಯದು ಎಂದು ಜನ ಅನ್ನುತ್ತಿದ್ದರು, ಅವರೂ ನಂಬಿದ್ದರು. ನಾನು ಅದನ್ನು ಕೆಡಿಸುತ್ತಿದ್ದೇನೆ ಎಂದು ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ತಟ್ಟೆಯ ನೀರು ಕುದಿಯುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಸಿರಾ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮನೆತನದ ಹೆಂಗಸೊಬ್ಬಳು ತವರಿಗೆಂದು ಆ ಆಸ್ಪತ್ರೆಯ ಊರಿಗೆ ಬಂದಿದ್ದಳು. ಕಂಕುಳಲ್ಲಿ ಮಗಳು, ಹಲ್ಲು ಬಂದು ನಡೆದಾಡುವ ಮಗು, ಕೆಮ್ಮು ಜ್ವರದಿಂದ ಸೊರಗಿ ಕಡ್ಡಿಯಾಗಿತ್ತು. ಡಾಕ್ಟರು ಕೆಲವು ದಿನ ಪೆನಿಸಿಲಿನ್ ಬರೆದುಕೊಟ್ಟರು. ಮೊದಲೆರಡು ದಿನ ನಾನೇ ತೊಡೆಗೆ ಹಾಕಿದೆ. ಮೂರನೆಯ ದಿನ ಅವಳು ಬಂದಾಗ ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಕೈಗುಣದವನು ಎಂದು ಹೋಟೆಲಿನವನೂ ನನ್ನನ್ನು ಒಳಗಿನ ಕುರ್ಚಿಗೆ ಕರೆದು ಕೂರಿಸುತ್ತಿದ್ದ. ಹರಟೆಗೆ ಕೂತವನು ಏಳಲಿಲ್ಲ.

“ಆ ಭಾಯ್ ಬರ್ಲಿ ನರಸಮ್ಮ, ಅವ್ರೇ ಹಾಕ್ಲಿ,” ಎಂದು ಆ ತಾಯಿ ಬೇಡಿಕೊಂಡಳಂತೆ. ಸಾಲು ಬಾಗಿಲು ದಾಟಿತ್ತು. ಮಗು ಅಳುತ್ತಿತ್ತು. ದೊಡ್ಡಮ್ಮ ಮಗುವನ್ನು ತಾಯಿಯ ಹೆಗಲಿಗೆ ಹಾಕಿಸಿ, ತಮಗೆ ಗೊತ್ತಿದ್ದ ಹಾಗೆ, ಎಲ್ಲರೂ ಹಾಕುತ್ತಿದ್ದ ಹಾಗೆ, ಪಿರ್ರೆಯ ನಡುವೆ ಚುಚ್ಚಿದರು. ಮಗು ಒದ್ದಾಡಿತು.

ಮಾರನೆಯ ದಿನ ತಾಯಿ ಓಡಿಬಂದಳು. ಮಗುವನ್ನು ಇಳಿಸಿದರೆ ಒಂದು ಪಾದ ಮೇಲೇಳದೆ ನೆಲಕ್ಕೆ ಎಳೆಯುತ್ತಿತ್ತು. ಬೆಂಚಿನ ಮುಂದೆ ನಿಂತು, ಇಡೀ ಸಾಲು ಕೇಳುವಂತೆ ಕೂಗಿದಳು: “ನಿನ್ ಕೈ ಬಿದ್ದೋಗ್ಲಿ! ನಾ ಬ್ಯಾಡಾ ಬ್ಯಾಡಾ ಅಂದೆ, ಹಾಕ್ಬುಟ್ಟೆ! ಮುದ್ಕೀ, ನಿಂಗ್ಯಾಕೆ ಈ ಕೆಲ್ಸ?”

ದೊಡ್ಡಮ್ಮ ಕೆಳಗೆ ಕೂತು ಮಗುವಿನ ಪಾದವನ್ನು ಕೈಯಲ್ಲಿ ಹಿಡಿದು ಮೇಲೆತ್ತಿ ಬಿಟ್ಟು ನೋಡುತ್ತಿದ್ದರು. ತಾಯಿ ಮಗುವನ್ನು ಕಿತ್ತುಕೊಂಡಳು.

ಡಾಕ್ಟರು ಮಗುವನ್ನು ಪರೀಕ್ಷಿಸಿ, ಪೋಲಿಯೋ ಇದ್ದರೂ ಇರಬಹುದು, ಸೂಜಿಯೂ ಕಾರಣವಿರಬಹುದು, ಈಗಲೇ ಹೇಳಲಾಗದು ಅಂದರು. ಪಾದಕ್ಕೆ ಪಟ್ಟಿ ಕಟ್ಟಿ, ತಾಯಿಗೆ ಉಜ್ಜುವುದನ್ನು ತೋರಿಸಿಕೊಟ್ಟರು. ಆ “ಇರಬಹುದು” ಎಂಬ ಮಾತಿನ ಹಿಂದೆ ನಾನು ಎಷ್ಟೋ ವರ್ಷ ಅಡಗಿ ಕೂತೆ. ಮಧ್ಯಾಹ್ನ ಡಾಕ್ಟರು ನನ್ನನ್ನೂ ದೊಡ್ಡಮ್ಮನನ್ನೂ ತಮ್ಮ ಕೋಣೆಗೆ ಕರೆದರು.

“ಸಣ್ಣ ಮಕ್ಕಳಿಗೆ ತೊಡೆಗೆ ಹಾಕಬೇಕು ಅಂತ ಈಗ ಎಲ್ಲಾ ಕಡೆ ಹೇಳ್ತಿದ್ದಾರೆ. ತುಮಕೂರಲ್ಲಿ ಹೇಳಿಲ್ವೇನ್ರೀ ನಿಮಗೆ?”

“ಹೇಳಿದ್ರು ಸಾರ್.”

“ಭಾನುವಾರದ ಪಾಠದಲ್ಲಿ ಇವರಿಗೆ ಹೇಳಿದ್ರಾ?”

ದೊಡ್ಡಮ್ಮ ನನ್ನ ಎಡಕ್ಕೆ ನಿಂತಿದ್ದರು. ಅವರ ಉಸಿರು ನನಗೆ ಕೇಳಿಸುತ್ತಿತ್ತು. ಇಲ್ಲ ಅಂದಿದ್ದರೆ ನನಗೆ ಏನಾಗುತ್ತಿತ್ತು? ಒಂದು ಬೈಗುಳ. ಹೆಚ್ಚೆಂದರೆ ಒಂದು ಮೆಮೋ. ನಾನು ಹೇಳಿದೆ, “ಹೇಳಿದ್ದೆ ಸಾರ್.”

ಡಾಕ್ಟರು ದೊಡ್ಡಮ್ಮನ ಕಡೆ ತಿರುಗಿದರು. ಅವರು ಈಗ ನನ್ನನ್ನು ಸುಳ್ಳ ಅನ್ನುತ್ತಾರೆ ಎಂದು ನಾನು ಕಾದೆ. ಅವರು ನನ್ನ ಮುಖ ನೋಡಿದರು. ಹುಬ್ಬು ಗಂಟಿಕ್ಕಿ ಏನನ್ನೋ ನೆನಪಿಸಿಕೊಳ್ಳಲು ಹೆಣಗುವವರ ಹಾಗೆ ನೋಡಿದರು. ಆಮೇಲೆ ಅಂದರು:

“ಹೇಳಿರ್ತಾರೆ ಸೋಮಿ. ನಂಗೇ ಕಿವೀಗ್ ಬಿದ್ದಿಲ್ಲ. ವಯಸ್ಸಾಯ್ತು ನೋಡಿ.”

ನನ್ನನ್ನು ಉಳಿಸಲು ಅವರು ಹಾಗೆ ಹೇಳಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವರು ನಿಜವಾಗಿ ನಂಬಿದ್ದರು. ನಾನು ಹೇಳಿದ್ದೇನೆ, ತಾವೇ ಮರೆತಿದ್ದೇವೆ ಎಂದು. ಮಾರನೆಯ ದಿನ ಸ್ಟವಿನ ಹತ್ತಿರ ನನ್ನನ್ನು ಕೇಳಿದ್ದೂ ಪಾಠ ಕಿವಿಗೆ ಬೀಳದೆ ಹೋದದ್ದರಿಂದಲೇ ಎಂದುಕೊಂಡಿದ್ದರು. ಅದು ನನಗೆ ತಿಳಿದದ್ದು ಆ ಸಂಜೆಯೇ. ಕೆಲಸ ಮುಗಿಸಿ ಹೊರಟವನನ್ನು ಬೇವಿನ ಮರದ ಹತ್ತಿರ ನಿಲ್ಲಿಸಿದರು.

“ಅಪ್ಪಾ, ಆ ಸೂಜಿ ಇಸ್ಯ ಇನ್ನೊಂದ್ ಕಿತ ಹೇಳು. ಈ ಸರ್ತಿ ಮರೀದಂಗೆ ಕೇಳ್ತೀನಿ. ಎಲ್ಲಿಗ್ ಹಾಕ್ಬೇಕು ಅಂದ್ರು?”

ಹೇಳಲು ಎರಡು ನಿಮಿಷ ಸಾಕಿತ್ತು. ಆದರೆ ಒಂದೊಂದೇ ಬಿಡಿಸಿ ಹೇಳಿದರೆ, ಇದನ್ನು ಹಿಂದೆ ಎಂದೂ ಕೇಳಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. “ನಾಳೆ ಹೇಳ್ತೀನಿ ದೊಡ್ಡಮ್ಮ. ತಲೆನೋವು,” ಅಂದೆ.

ನಾಳೆ ಹೇಳಲಿಲ್ಲ. ಅದರ ಮಾರನೆಯ ದಿನವೂ ಹೇಳಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಸೂಜಿ ಮುಟ್ಟುವುದನ್ನೇ ಬಿಟ್ಟರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೆರಿಗೆಗೆ ಬಂದವರ ಮನೆಯವರು, “ಮಗೀನ ಕಾಲ್ ತೆಗ್ದ ಕೈ ಅಂತೆ” ಎಂದು ಪಿಸುಗುಟ್ಟತೊಡಗಿದರು. ಒಂದು ಬೆಳಿಗ್ಗೆ ಹೆರಿಗೆ ಕೋಣೆಯಲ್ಲಿ ಅವರೇ ಬಾಣಂತಿಯ ಅತ್ತೆಗೆ, “ಕೂಸ್ನ ನೀವೇ ಎತ್ಕಳ್ರಮ್ಮ. ನನ್ ಕೈ ಕೆಟ್ಟೋಗೈತೆ,” ಎಂದು ಹೇಳಿದ್ದನ್ನು ನಾನು ಬಾಗಿಲ ಈಚೆ ನಿಂತು ಕೇಳಿದೆ. ಕೇಳಿ, ಸದ್ದಿಲ್ಲದೆ ನನ್ನ ಬೆಂಚಿಗೆ ಹೋಗಿ ನಿಂತೆ.

ಸ್ವಲ್ಪ ಕಾಲದಲ್ಲೇ ಅವರನ್ನು ಪಾವಗಡದ ಕಡೆಗೆ ವರ್ಗ ಮಾಡಿದರು. ಶಿಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನ ಮೇಲೆ ಅವರ ಟ್ರಂಕು ಏರಿಸಿದವನು ನಾನೇ. ಆ ಹೊತ್ತಿನಲ್ಲೂ ಹೇಳಬಹುದಿತ್ತು.

ಅರವತ್ತರ ದಶಕದಲ್ಲಿ ನನಗೂ ಸಿರಾಕ್ಕೆ ವರ್ಗವಾಯಿತು. ಪೇಟೆಯಲ್ಲಿ ಹೋಗುತ್ತಿದ್ದಾಗ ಬಳೆ ಅಂಗಡಿಯ ಮುಂದೆ ಕುಂಟಾಟ ಆಡುತ್ತಿದ್ದ ಹುಡುಗಿಯರ ನಡುವೆ ಒಬ್ಬಳನ್ನು ಕಂಡೆ. ಕಾಲು ಬಹಳಮಟ್ಟಿಗೆ ಸರಿಹೋಗಿತ್ತು. ಆದರೂ ನಡೆಯುವಾಗ ಒಂದು ಪಾದ ತುಸು ತಡವಾಗಿ ಏಳುತ್ತಿತ್ತು. ಆಟದಲ್ಲಿ ಜಗಳ ಆಡಿ ಗೆಲ್ಲುತ್ತಿದ್ದಳು. ನಾನು ಹಲವು ದಿನ ಬೇರೆ ಬೀದಿಯಿಂದ ಓಡಾಡಿದೆ. ಕಡೆಗೊಂದು ಮಧ್ಯಾಹ್ನ ಅಂಗಡಿಗೆ ಹೋಗಿ, ತಾಯಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನನಗೆ ಗೊತ್ತಿತ್ತು, ಕಲಿಸಲಿಲ್ಲ, ಕೇಳಿದಾಗ ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ.

ಅವಳು ಕೈಯಲ್ಲಿದ್ದ ಬಳೆಯ ಸರವನ್ನು ಗೂಟಕ್ಕೆ ಹಾಕಿದಳು.

“ನೀವ್ ದೊಡ್ಡೋರು ಅಂತ ಆವತ್ತು ನಿಮ್ಗೋಸ್ಕರ ಕಾದಿದ್ದೆ ಭಾಯ್,” ಅಂದಳು. ಆಮೇಲೆ ಕೇಳಿದಳು, “ಆ ನರಸಮ್ಮಂಗೆ ಹೇಳಿದ್ರಾ?”

“ಇಲ್ಲ.”

“ಯಾ ಅಲ್ಲಾ! ನಾನ್ ಆಯಮ್ಮನ ಕೈ ಬಿದ್ದೋಗ್ಲಿ ಅಂದ್ನಲ್ಲಾ ಭಾಯ್! ಬಾಯಿಗ್ ಬಂದಂಗೆ ಬೈದ್ನಲ್ಲಾ! ಮೊದ್ಲು ಹೋಗಿ ಅವ್ರಿಗೆ ಹೇಳಿ. ನಾನ್ ಮಾಫಿ ಕೇಳ್ದೆ ಅಂತಾನೂ ಹೇಳಿ. ಹೋಗಿ, ಇಲ್ಲ್ಯಾಕ್ ನಿಂತಿದೀರ?”

ಆ ವಾರವೇ ಪಾವಗಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ದೊಡ್ಡಮ್ಮ ಆಚೆಯ ಹಳ್ಳಿಯೊಂದರ ಸಣ್ಣ ದವಾಖಾನೆಯಲ್ಲಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಜಗಲಿಯ ಮೇಲೆ ತೆಲುಗು ಮಾತಾಡುವ ಹೆಂಗಸರು ಕೂತಿದ್ದರು. ಒಬ್ಬಳು ನನ್ನ ಚೀಲ ನೋಡಿ, “ಸೂದಿ ಏಸ್ತಾರಾ ಸಾಮಿ?” ಎಂದು, ಸೂಜಿ ಹಾಕುತ್ತೀರಾ ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿ ಒಳಗೆ ಹೋದೆ.

ಒಳಗೆ ದೊಡ್ಡಮ್ಮ ಒಂದು ಮಗುವಿನ ತೊಡೆಯ ಹೊರಮಗ್ಗುಲನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸಿರಿಂಜು ಹಿಡಿದಿದ್ದರು. ಪಕ್ಕದಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಚಿಕ್ಕ ವಯಸ್ಸಿನ ನರ್ಸೊಬ್ಬಳು ನೋಡುತ್ತ ನಿಂತಿದ್ದಳು. ಸೂಜಿ ಹಾಕಿ ಮುಗಿಸಿ, ತಲೆಯೆತ್ತಿ ನನ್ನನ್ನು ಕಂಡು ಅವರ ಮುಖ ಅರಳಿತು.

“ಅಯ್ಯೋ ನನ್ನಪ್ಪ, ನೀನಾ! ಬಾ, ಬಾ. ನೋಡು, ಈಗ ಕಲ್ತ್ಕಂಡೆ. ಈ ಮಗಳು ಹೇಳ್ಕೊಟ್ಟಳು. ಮೂರ್ ತಿಂಗ್ಳು ಹಟ ಹಿಡ್ದಳು ಕಣೋ, ನಾನು ಮುಟ್ಟಕಿಲ್ಲ ಅಂದ್ರೂ ಬುಡ್ಲಿಲ್ಲ. ಕೈ ಹಿಡ್ಕಂಡು ತೋರ್ಸಿದ್ಲು. ಈಗ ಒಂದ್ ಮಗೀಗೂ ಗಂಟಿಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ನೀನ್ ಆವತ್ತು ಭಾನ್ವಾರ ಹೇಳಿದ್ದೂ ಇದೇ ಅಲ್ವೇನಪ್ಪಾ?”

ಇಲ್ಲ, ಹೇಳಿರಲಿಲ್ಲ ಎನ್ನಲು ಬಾಯಿ ತೆರೆದೆ.

“ಹೂಂ, ದೊಡ್ಡಮ್ಮ,” ಅಂದೆ.

“ನೋಡ್ದಾ!” ಎಂದು ಅವರು ಆ ಹುಡುಗಿಯ ಕಡೆ ತಿರುಗಿದರು. “ಇವ್ರು ಆವಾಗ್ಲೇ ನಮ್ಗೆಲ್ಲ ಹೇಳ್ಕೊಟ್ಟಿದ್ರು ಕಣಮ್ಮ. ನಾ ದಡ್ಡಿ, ಕೇಳಿಸ್ಕಳ್ಳಿಲ್ಲ. ಕೇಳಿಸ್ಕಂಡಿದ್ರೆ ಒಂದ್ ಮಗೀನ ಕಾಲ್ ಉಳೀತಿತ್ತು.”

ಆ ಹುಡುಗಿ ನನಗೆ ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದಳು. ನಾನು ತಿರುಗಿ ನಮಸ್ಕಾರ ಮಾಡಿದೆ.

ಮಗುವಿನ ಕಾಲು ಬಹಳಮಟ್ಟಿಗೆ ಸರಿಹೋಗಿದೆ, ಕುಂಟಾಟ ಆಡುತ್ತಾಳೆ, ತಾಯಿ ನಿಮ್ಮ ಹತ್ತಿರ ಮಾಫಿ ಕೇಳಿದ್ದಾಳೆ ಎಂದು ಮಾತ್ರ ಹೇಳಿದೆ. ದೊಡ್ಡಮ್ಮ ಕಣ್ಣೊರೆಸಿಕೊಂಡು, “ಆಯಮ್ಮ ಯಾಕಪ್ಪ ಕೇಳ್ಬೇಕು? ತಪ್ಪು ನಂದಲ್ವಾ?” ಅಂದರು. ಮುದ್ದೆ ಮಾಡಿ ಬಡಿಸಿದರು. ಉಂಡೆ. ಸಂಜೆಯ ಬಸ್ಸಿಗೆ ಹೊರಟೆ.

ಅವರು ನಿವೃತ್ತರಾಗಿ ತಂಗಿಯ ಮಗನ ಮನೆಯಲ್ಲಿದ್ದು ತೀರಿಕೊಂಡರು ಎಂಬ ಸುದ್ದಿ, ಎಲ್ಲಾ ಮುಗಿದು ಎಷ್ಟೋ ದಿನದ ಮೇಲೆ, ಆ ದಾರಿಯ ಬಸ್ಸಿನ ಕಂಡಕ್ಟರನಿಂದ ನನಗೆ ಬಂತು. ಟಿಕೀಟು ಹರಿದು ಕೊಡುತ್ತ ಹೇಳಿದ. ನಾನು ಅಯ್ಯೋ ಅಂದು ಕಿಟಕಿಯ ಕಡೆ ತಿರುಗಿದೆ.

ಆಮೇಲಿನ ನನ್ನ ನೌಕರಿಯಲ್ಲಿ ಹೊಸದಾಗಿ ಬಂದವರಿಗೆಲ್ಲ ಸೂಜಿಯ ಪಾಠವನ್ನೇ ಮೊದಲು ಹೇಳಿಕೊಟ್ಟೆ. ಯಾರಾದರೂ ಕೈಗುಣ ಅಂದರೆ ಅಲ್ಲ ಅಂದೆ. ಅದರಿಂದ ಹಳೆಯದು ತೀರಲಿಲ್ಲ. ಬಳೆ ಅಂಗಡಿಯ ತಾಯಿಯ ಮುಂದೆ ತಪ್ಪಾಯಿತು ಎಂದಿದ್ದೇನೆ. ಆ ಹುಡುಗಿ ದೊಡ್ಡವಳಾದ ಮೇಲೆ ಅವಳ ಮುಂದೆಯೂ ಎಂದಿದ್ದೇನೆ. ತಮ್ಮ ಕಿವಿಯೇ ಮೋಸ ಮಾಡಿತು, ತಪ್ಪು ತಮ್ಮದೇ ಎಂದು ಕಡೆಯವರೆಗೂ ನಂಬಿ ಹೋದವರ ಮುಂದೆ, ಎದುರಿಗೆ ಕೂತು ಅವರು ಬಡಿಸಿದ್ದನ್ನು ಉಂಡರೂ, ಹೇಳಲಿಲ್ಲ. ನನ್ನ ದೊಡ್ಡಮ್ಮ, ಆ ನರಸಮ್ಮ.